ಅಟ್ಟದ ಮೇಲಿನ ನೂರು ಪ್ರತಿ

ಪುಸ್ತಕ ಬರೆಯುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಬರೆದದ್ದನ್ನು ಮನೆಯಲ್ಲಿ ಬಚ್ಚಿಡುವುದು ಅದಕ್ಕಿಂತ ಕಷ್ಟವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಗೇ, ವಯಸ್ಸು ಐವತ್ತೆರಡು, ಊರು ಅರಳಗುಪ್ಪೆ, ಕಸುಬು ತೆಂಗು. ಇವುಗಳಲ್ಲಿ ಕೊನೆಯ ಮೂರು ನಮ್ಮಕ್ಕನಿಗೆ ಗೊತ್ತಿತ್ತು. ಮೊದಲನೆಯದು ತಿಳಿದರೆ ಮಾತು ಬಿಟ್ಟಾಳೆಂಬ ಹೆದರಿಕೆಯಲ್ಲೇ ಮೂವತ್ತು ವರ್ಷ ಕಳೆದಿದ್ದೆ. ಭಾವ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಅವಳನ್ನು ಬಿಟ್ಟರೆ ಮನೆಯಲ್ಲಿ ನನಗೆ ಮಾತಿಗೆ ಇನ್ಯಾರೂ ಇಲ್ಲ.

ಗೇ ಮತ್ತು ಲೆಸ್ಬಿಯನ್ ಲೇಖಕರು ಸೇರಿ ಕಟ್ಟಿಕೊಂಡ ಬಳಗವೊಂದಿದೆ. ಪ್ರಕಾಶಕರು ನಮ್ಮ ಹಸ್ತಪ್ರತಿಯನ್ನು ‘ನೋಡೋಣ’ ಎಂದು ಇಸಿದುಕೊಂಡು ನೋಡದೇ ಇರುವುದರಿಂದ, ನಮ್ಮ ಪುಸ್ತಕ ನಾವೇ ಅಚ್ಚು ಹಾಕಿಸುತ್ತೇವೆ. ಒಬ್ಬರದನ್ನು ಇನ್ನೊಬ್ಬರು ತಿದ್ದಬೇಕು. ಬರೆದವರು ತಮ್ಮ ನೂರು ಪ್ರತಿ ತಾವೇ ಮಾರಬೇಕು. ನನ್ನ ಕತೆಗಳನ್ನು ತಿದ್ದಿದವರು ಮೈಸೂರಿನ ರೇಖಾ. ಒಂದು ಕತೆಯಲ್ಲಿ, ಗೆಳೆಯ ಊರು ಬಿಟ್ಟ ದಿನ ನಾಯಕ ಅಟ್ಟಕ್ಕೆ ಕಾಯಿ ತುಂಬುತ್ತಾನೆ; ಅದು ಒಣಗಿ ಕೊಬ್ಬರಿಯಾಗುವ ಹೊತ್ತಿಗೆ, ಹನ್ನೊಂದು ತಿಂಗಳ ಮೇಲೆ, ಗೆಳೆಯ ಹಿಂದಿರುಗುತ್ತಾನೆ. ರೇಖಾ ಅದನ್ನು ಎರಡು ತಿಂಗಳು ಮಾಡಿದರು. ಪ್ರೇಮಿ ಕಾದಾನು, ಓದುಗ ಕಾಯುವುದಿಲ್ಲ ಎಂದರು. ಪುಸ್ತಕ ಬಂದರೆ ಸಾಕೆಂದು ತಲೆಯಾಡಿಸಿದೆ. ಹೆಸರನ್ನೂ ಸುಳ್ಳೇ ಹಾಕಿಸಿದೆ.

ನೂರು ಪ್ರತಿ ಬಂದಾಗ ಮಾರುವ ಧೈರ್ಯವಿಲ್ಲದೆ ಗೋಣಿಚೀಲಕ್ಕೆ ತುಂಬಿ ಅಟ್ಟದಲ್ಲಿ ಕಾಯಿಗಳ ಹಿಂದೆ ನೂಕಿದೆ. ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಕಿವಿಗೊಟ್ಟು ನೋಡಲು ಅಕ್ಕ ಆಗಾಗ ಅಟ್ಟ ಹತ್ತುತ್ತಾಳೆಂಬುದು ಮರೆತೇ ಹೋಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ರಾಗಿಯೊಳಗೆ ಹೂತಿಟ್ಟ ಬೀಡಿಯನ್ನು ಪತ್ತೆ ಮಾಡಿದವಳೂ ಇವಳೇ. ಒಂದು ಪ್ರತಿ ಹಿಡಿದುಕೊಂಡು ಇಳಿದು ಬಂದು ಇದೇನು ಎಂದಳು. ಸ್ನೇಹಿತನದು, ಇಟ್ಟುಕೊಂಡಿರು ಅಂದಿದ್ದಾನೆ ಎಂದೆ. ಅವಳು ಕನ್ನಡಕ ಏರಿಸಿ ಜಗಲಿಯ ಮೇಲೆ ಕೂತಳು. ಮೂರು ದಿನ ಓದಿದಳು. ಆ ಮೂರು ದಿನ ನಾನು ತೋಟದಿಂದ ಮನೆಗೆ ಬಂದದ್ದು ಊಟಕ್ಕೆ ಮಾತ್ರ.

ಮೂರನೆಯ ಸಂಜೆ ಪುಸ್ತಕ ಮುಚ್ಚಿ ಹೇಳಿದಳು: “ಬರ್ದೋನು ಪಾಪ, ನೊಂದು ಬರ್ದವ್ನೆ. ಆದ್ರೆ ಅಟ್ಟಕ್ಕೆ ಹಾಕಿದ ಕಾಯಿ ಎರಡೇ ತಿಂಗ್ಳಿಗೆ ಕೊಬ್ರಿ ಆಗ್ತದಂತೆ. ತೆಂಗಿನ ಮರಾನೇ ಕಂಡೋನಲ್ಲ ಬುಡು.”

ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ನನ್ನ ಬಾಯಿಂದ ಒಂದೇ ಉಸಿರಿಗೆ ಹೊರಬಿತ್ತು. “ಹನ್ನೊಂದು ತಿಂಗ್ಳು ಅಂತ್ಲೇ ಬರ್ದಿದ್ದೆ ಕಣಕ್ಕ. ಮೈಸೂರಿನೋರು ತಿದ್ದುಬುಟ್ರು.”

ಆಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ನನ್ನನ್ನೇ ನೋಡಿದಳು. “ನಿನ್ ಕತೆ ಅಂತ ಮೊದಲ್ನೇ ಪುಟಕ್ಕೇ ಗೊತ್ತಾಯ್ತು ಕಣ್ಲಾ. ನಮ್ಮನೇಲಿ ಹುಟ್ಟಿ ಎರಡು ತಿಂಗ್ಳು ಅಂತ ಹೆಂಗೆ ಬರ್ದೆ ಅನ್ನೋದೇ ತಿಳೀಲಿಲ್ಲ.” ಆಮೇಲೆ ಮೆಲ್ಲಗೆ, “ಇಷ್ಟು ವರ್ಷ ಒಬ್ನೇ ಇಟ್ಕೊಂಡಿದ್ಯಲ್ಲ, ನನ್ ತಾವ ಹೇಳ್ಬಾರ್ದಿತ್ತಾ?” ಎಂದಳು. ನಾನು ಚಿಕ್ಕ ಮಗುವಿನಂತೆ ಅತ್ತೆ. ಸಮಾಧಾನಕ್ಕೂ ಅಳು ಬರುತ್ತದೆಂದು ಆವತ್ತೇ ತಿಳಿದದ್ದು.

ಮರುದಿನ ರೇಖಾಗೆ ಫೋನ್ ಮಾಡಿ, ಮುಂದಿನ ಮುದ್ರಣಕ್ಕೆ ನನ್ನ ನಿಜವಾದ ಹೆಸರೇ ಇರಲಿ ಎಂದೆ. ಅವರು ನನ್ನ ಧೈರ್ಯವನ್ನು ಬಹಳ ಹೊಗಳಿದರು. ಅದು ಧೈರ್ಯವಲ್ಲ, ಕೊಬ್ಬರಿಯ ಜಂಬ ಎಂದು ಹೇಳಲು ಬಾಯಿ ಬರಲಿಲ್ಲ, ತೆಪ್ಪಗೆ ಹೊಗಳಿಸಿಕೊಂಡೆ. ಅಷ್ಟರಲ್ಲಿ ಅಕ್ಕ ಫೋನ್ ಇಸಿದುಕೊಂಡಳು.

“ಅವ್ನ ಹೆಸ್ರು ಹಾಕ್ರಮ್ಮ, ಬ್ಯಾಡ ಅನ್ನಲ್ಲ. ಮೊದ್ಲು ಆ ಎರಡು ತಿಂಗ್ಳು ಸರಿಮಾಡ್ರಿ. ತಿಪಟೂರು ಕೊಬ್ರಿ ಮಂಡೀಲಿ ನಾವು ನಾಳೆ ತಲೆ ಎತ್ಕೊಂಡು ತಿರುಗ್ಬೇಕು.”