ಕ್ಯಾಲಿಪರಿಗೆ ಕುಂಕುಮ

ನನ್ನ ಗಂಟಲಿನಲ್ಲಿ ಸುಮಾರು ಜನ ಬಾಡಿಗೆಗಿದ್ದಾರೆ. ದಾಸರಹಳ್ಳಿಯ ನಮ್ಮ ಮನೆ ಓನರ್ ಮುನಿಯಪ್ಪನವರಿದ್ದಾರೆ, ಮೂಗಿನಿಂದಲೇ ಟಿಕೆಟ್ ಕೊಡುವ ಮೆಜೆಸ್ಟಿಕ್ ಬಸ್ಸಿನ ಕಂಡಕ್ಟರ್ ಇದ್ದಾನೆ, ಪಾಲಿಟೆಕ್ನಿಕ್ಕಿನಲ್ಲಿ ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟ್ರಿದ್ದಾರೆ, ನನ್ನ ತಂಗಿ ಇದ್ದಾಳೆ, ಅವಳಿಗಿಂತ ಕಡಿಮೆ ಮಾತಾಡುವ ಎದುರು ಮನೆ ಗಿಳಿಯೂ ಇದೆ. ಯಾರ ದನಿಯನ್ನು ಕರೆದರೂ ತಕ್ಷಣ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಷ್ಟು ಜನಕ್ಕೆ ಜಾಗ ಕೊಟ್ಟ ಮೇಲೆ ಮನೆಯ ಯಜಮಾನ ಎಲ್ಲಿ ಮಲಗುತ್ತಾನೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹೋದ ದಸರಾದಲ್ಲಿ ಯೋಚಿಸಬೇಕಾಗಿ ಬಂತು. ಅದಕ್ಕೆ ಕಾರಣ ಕಾರಿನ ಬ್ರೇಕ್ ಎಂದರೆ ನೀವು ನಂಬಬೇಕು. ನಂಬದಿದ್ದರೂ ಪರವಾಗಿಲ್ಲ, ಓದುತ್ತಿರಿ.

ನಾನು ಪೀಣ್ಯದ ಒಂದು ಪೇಂಟ್ ಶೆಡ್ಡಿನಲ್ಲಿ ಟ್ರೈನಿ. ಟ್ರೈನಿ ಎಂದರೆ ಕೆಲಸ ಎಲ್ಲರಷ್ಟೇ, ಕೂರಲು ಕುರ್ಚಿ ಮಾತ್ರ ಇಲ್ಲ. ಯಜಮಾನರು ರಾಣೆಬೆನ್ನೂರಿನ ರುದ್ರಪ್ಪನವರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಬಣ್ಣಬಣ್ಣದ ಪೆನ್ನುಗಳು, ಬಾಯಲ್ಲಿ ಸದಾ 'ನೋಡೋಣಂತ ತಗೋ'. ಸಂಬಳ ಹೆಚ್ಚಿಸಿ ಎಂದರೂ ಅದೇ, ಶೆಡ್ಡಿಗೆ ಬೆಂಕಿ ಬಿತ್ತು ಎಂದರೂ ಬಹುಶಃ ಅದೇ. ಹುಟ್ಟಿದಾಗಿನಿಂದ ನಮ್ಮ ಶೆಡ್ಡು ಮಾಡಿಕೊಂಡು ಬಂದಿರುವುದು ಒಂದೇ ಕೆಲಸ: ನೀರೆತ್ತುವ ಪಂಪುಗಳಿಗೆ ಬೂದು ಬಣ್ಣ ಹೊಡೆಯುವುದು. ಗೋಡೆ ಬೂದು, ಟೀ ಲೋಟ ಬೂದು, ನಮ್ಮ ಸ್ಪ್ರೇ ಪೇಂಟರ್ ಫಯಾಜ್‌ನ ಹುಬ್ಬು ಕೂಡ ಬೂದು. ಆದರೆ ಪಂಪಿನವರು ಈಚೆಗೆ ತಮ್ಮದೇ ಪೇಂಟ್ ಶಾಪ್ ಕಟ್ಟಿಕೊಂಡುಬಿಟ್ಟರು. ಹೊಡೆದ ಬಣ್ಣವನ್ನು ಕಾಯಿಸಿ ಗಟ್ಟಿ ಮಾಡುವ ನಮ್ಮ ಓವನ್ನು ಅರ್ಧ ವಾರ ತಣ್ಣಗೆ ಮಲಗತೊಡಗಿತು. ಅದರ ಬಾಗಿಲಲ್ಲಿ ಬೆಕ್ಕೊಂದು ಮರಿ ಹಾಕಿದ ದಿನ ರುದ್ರಪ್ಪನವರು 'ನೋಡೋಣಂತ ತಗೋ' ಎನ್ನುವುದನ್ನೂ ನಿಲ್ಲಿಸಿದರು. ಆಗ ನಮಗೆ ನಿಜವಾಗಿ ಭಯವಾಯಿತು.

ಅಂಥ ಹೊತ್ತಿನಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಿಂದ ಬ್ರೇಕ್ ಕ್ಯಾಲಿಪರುಗಳು ಬಂದವು. ಕ್ಯಾಲಿಪರ್ ಎಂದರೆ ಕಾರಿನ ಚಕ್ರದೊಳಗೆ ತಿರುಗುವ ತಟ್ಟೆಯನ್ನು ಇಕ್ಕಳದಂತೆ ಕಚ್ಚಿ ನಿಲ್ಲಿಸುವ ಕಬ್ಬಿಣದ ದವಡೆ. ಇಷ್ಟು ದಿನ ಅದರ ಮುಖ ಕಂಡವರು ಮೆಕ್ಯಾನಿಕ್ಕುಗಳು ಮಾತ್ರ. ಈಗ ಆ ಕಂಪನಿಯವರು ನಕ್ಷತ್ರದಂಥ ದೊಡ್ಡ ದೊಡ್ಡ ಕಿಂಡಿಗಳಿರುವ ಅಲಾಯ್ ಚಕ್ರ ಹಾಕಿದ ಕಾರಿಗೆ ಇವನ್ನು ಕೊಡಲಿದ್ದಾರಂತೆ. ಕಿಂಡಿಯಿಂದ ಕ್ಯಾಲಿಪರ್ ಕಾಣುತ್ತದೆ. ಕಂಡ ಮೇಲೆ ಚೆನ್ನಾಗಿ ಕಾಣಬೇಕು. 'ಬಣ್ಣ, ಫಿನಿಶ್ ಎರಡನ್ನೂ ನೀವೇ ಸಜೆಸ್ಟ್ ಮಾಡಿ, ದಸರಾ ಮುಗಿದ ಕೂಡಲೇ ಬಂದು ನೋಡ್ತೀವಿ' ಎಂದು ಹೇಳಿ ಕಳಿಸಿದ್ದರು. ನಮ್ಮ ಶೆಡ್ಡಿನ ಇತಿಹಾಸದಲ್ಲಿ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ರುದ್ರಪ್ಪನವರು ನನ್ನನ್ನು ಕರೆದರು. "ಲೋಕೇಶಾ, ನೀ ಊರ ಮಂದಿ ದನಿ ಎಲ್ಲಾ ತಗೀತಿ. ಊರ ಮಂದಿ ಮನಸ್ಸಿಗೆ ಬರೂ ಬಣ್ಣಾನೂ ನೀನ ಹುಡುಕಪಾ. ಈ ಆರ್ಡರ್ ಸಿಕ್ಕರ ಓವನ್ ಉಳೀತದ, ನೀನೂ ಪರ್ಮನೆಂಟ್ ಆಗ್ತಿ. ಸಿಗಲಿಲ್ಲಂದ್ರ..." ಅವರು ಬೆಕ್ಕಿನ ಕಡೆ ನೋಡಿದರು. ನಾನೂ ನೋಡಿದೆ. ಬೆಕ್ಕು ಮಾತ್ರ ನಿಶ್ಚಿಂತೆಯಿಂದಿತ್ತು.

ನಾನು ಊರ ಮಂದಿಯ ಮನಸ್ಸು ತಿಳಿಯಲು ಹೊರಟೆ. ಮೊದಲು ಸಿಕ್ಕವರು ಮುನಿಯಪ್ಪನವರು. "ಅಸ್ರು ಒಡ್ಸು ಕಣಪ್ಪ," ಎಂದರು. "ನಮ್ ಟ್ರ್ಯಾಕ್ಟ್ರು ಅಸ್ರೇ ಅಲ್ವಾ? ಒಂದಿನಾನಾ ಕೈ ಕೊಟ್ಟೈತಾ?" ಅವರ ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೆ ಆ ಟ್ರ್ಯಾಕ್ಟರು ನಮಗೇ ನೀರಿನ ಟ್ಯಾಂಕರು ಎಳೆದು ತರುತ್ತದೆ, ಆದ್ದರಿಂದ ನಾನು ಎದುರಾಡಲಿಲ್ಲ. "ಅಂಗೇ ಆಗ್ಲಿ ಬುಡಣ್ಣ," ಎಂದು ಅವರ ದನಿಯಲ್ಲೇ ಒಪ್ಪಿಕೊಂಡೆ. ತಂಗಿ, "ಕಪ್ಪು ಹೊಡ್ಸೋ, ಕೊಳೆ ಕಾಣಲ್ಲ. ನಿನ್ನ ಕಾಲರ್ ನೋಡಿದ ಮೇಲೆ ನಿಂಗೆ ಇನ್ನೇನು ಸಜೆಸ್ಟ್ ಮಾಡೋಕಾಗುತ್ತೆ," ಎಂದಳು. ಅವಳ ದನಿಯಲ್ಲಿ ಹೂಂ ಎಂದೆ. ಫಯಾಜ್, "ಹಳದಿ ಹೊಡಿಯೋಣ ಗುರು, ಸಕ್ಕತ್ತಾಗಿರ್ತದೆ, ಜಿಂದಗಿಯೆಲ್ಲಾ ಬೂದು ಹೊಡ್ದು ಹೊಡ್ದು ನನ್ ಕನಸೂ ಬೂದಾಗಿದೆ," ಎಂದ. ಅವನಿಗೂ ಹೂಂ. ಬಸ್ಸಿನಲ್ಲಿ ಬಣ್ಣದ ಮಾತು ಕಿವಿಗೆ ಬಿದ್ದ ಕಂಡಕ್ಟರ್ ಯಾರೂ ಕೇಳದೆಯೇ ಕೆಂಪು ಎಂದ. ನಾನು ಅವನ ಮೂಗಿನಿಂದಲೇ ರೈಟ್ ಎಂದೆ. ಕೊನೆಗೆ ರುದ್ರಪ್ಪನವರು ಫಿನಿಶ್ ಬಗ್ಗೆ ತೀರ್ಪು ಕೊಟ್ಟರು: "ಮಿಂಚೂದು ಬ್ಯಾಡೋ ತಮ್ಮಾ. ಮಿಂಚೂದು ಮದುವಿ ಬ್ಯಾಂಡಿನವ್ರಿಗೆ ಛಲೋ. ಮರ್ಯಾದಸ್ಥರಿಗೆ ಮ್ಯಾಟ್." ನಾನು ಥೇಟ್ ಅವರಂತೆ ಕತ್ತು ಅಲ್ಲಾಡಿಸಿ, "ಖರೇ ಅದ ನೋಡ್ರಿ," ಎಂದೆ. ಸಂಜೆ ಮನೆಗೆ ಬಂದು ಕೂತಾಗ ಗೊತ್ತಾಯಿತು: ಎಲ್ಲರಿಗೂ ಒಪ್ಪಿಗೆ ಕೊಟ್ಟು ಬಂದಿದ್ದೇನೆ, ನನಗೆ ಯಾವ ಬಣ್ಣ ಇಷ್ಟ ಎಂದು ನನ್ನನ್ನೇ ಕೇಳಿದರೆ ಒಳಗಿನಿಂದ ಗಿಳಿ ಮಾತಾಡುತ್ತಿದೆ.

ನಿರ್ಧಾರ ಮಾಡಲಾಗದವನು ಸ್ಯಾಂಪಲ್ ಮಾಡುತ್ತಾನೆ. ಕೆಂಪು, ಹಳದಿ, ಕಪ್ಪು. ಪ್ರತಿಯೊಂದರಲ್ಲೂ ಒಂದು ಹೊಳೆಯುವ ಗ್ಲಾಸಿ, ಒಂದು ಮಂಕಾದ ಮ್ಯಾಟ್. ಹಸಿರು ಸ್ಟೋರಿನಲ್ಲಿ ಇರಲಿಲ್ಲ. ಮುನಿಯಪ್ಪನವರಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ. ಓವನ್ನಿನಿಂದ ಆರೂ ಕ್ಯಾಲಿಪರುಗಳು ಬೆಚ್ಚಗೆ ಹೊರಬಂದಾಗ ಫಯಾಜ್‌ನ ಕಣ್ಣಲ್ಲಿ ನೀರಿತ್ತು. ಥಿನ್ನರ್ ವಾಸನೆಗೆ ಎಂದ.

ಮರುದಿನ ಶೆಡ್ಡಿನಲ್ಲಿ ಆಯುಧಪೂಜೆ. ಪೀಣ್ಯದಲ್ಲಿ ಆ ದಿನ ಲೇತು, ಡ್ರಿಲ್ಲು, ಸ್ಕೂಟರು, ಟೈಪ್‌ರೈಟರು ಎಲ್ಲವೂ ಹೂ ಮುಡಿದು ಮದುಮಕ್ಕಳಾಗುತ್ತವೆ. ಕಡಲೆಪುರಿಯ ಮೇಲೆ ಕಾಲಿಡದೆ ನಡೆಯಲು ಸಾಧ್ಯವಿಲ್ಲ. ಪೂಜೆ ನಡೆಸಿದ್ದು ರುದ್ರಪ್ಪನವರ ತಾಯಿ ನೀಲವ್ವ. ಕಂಪ್ರೆಸರಿಗೆ ಆಯಿತು, ಓವನ್ನಿಗೆ ಆಯಿತು, ಬೆಕ್ಕಿನ ಹಣೆಗೂ ಒಂದು ಬೊಟ್ಟು ಆಯಿತು. ಆಮೇಲೆ ಟೇಬಲ್ ಮೇಲೆ ಸಾಲಾಗಿದ್ದ ಕ್ಯಾಲಿಪರುಗಳು ಅವರ ಕಣ್ಣಿಗೆ ಬಿದ್ದವು. "ಏ ಹುಡುಗಾ, ಇವಕ್ಕ ಹಚ್ಚಿಲ್ಲಲೋ!"

"ಅವ್ವಾ, ಅವು ಸ್ಯಾಂಪಲ್ಲು, ಮುಟ್ಟಬಾರದು."

"ನಿಮ್ಮ ಯಜಮಾನ ಹೇಳ್ಯಾನ, ಇವು ಬಂದದ್ದರಿಂದ ಅನ್ನ ಐತಿ ಅಂತ. ಅನ್ನ ಕೊಡೂವಕ್ಕ ಪೂಜಿ ಬ್ಯಾಡೇನು?" ಎನ್ನುತ್ತ ನೀರಲ್ಲಿ ಕಲಸಿದ ವಿಭೂತಿಯಿಂದ ಆರಕ್ಕೂ ಮೂರು ಗೆರೆ ಎಳೆದು, ನಡುವೆ ಕುಂಕುಮ ಒತ್ತಿದರು. ಹಬ್ಬದ ದಿನ ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಎಲ್ಲರೂ ಮನೆಗೆ ಹೋದೆವು.

ರಜೆ ಮುಗಿದ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ನಾನು ಒರೆಸಲು ಕೂತೆ. ಗ್ಲಾಸಿ ಕೆಂಪು ಒಂದೇ ಸಲಕ್ಕೆ ಹೊಸದರಂತಾಯಿತು. ಗ್ಲಾಸಿ ಹಳದಿಯೂ ಒರೆಸಿಕೊಂಡಿತು, ಸಂದಿಯಲ್ಲಿ ಮಾತ್ರ ಕುಂಕುಮ ರಂಗಾಗಿ ಕೂತಿತ್ತು. ಗ್ಲಾಸಿ ಕಪ್ಪಿನ ಸಂದಿಯಲ್ಲಿ ವಿಭೂತಿ ಹಲ್ಲಿನ ಪಾಚಿಯಂತೆ ಕಂಡಿತು. ಮ್ಯಾಟ್ ಮೂರರ ಕಥೆ ಮಾತ್ರ ಕೇಳಬೇಡಿ. ಆ ಒರಟು ಮೈಯೊಳಗೆ ಇಳಿದ ವಿಭೂತಿ ಒರೆಸಿದಷ್ಟೂ ಹರಡಿತು. ಮ್ಯಾಟ್ ಕಪ್ಪಂತೂ ನಮ್ಮ ಶೆಡ್ಡಿನ ಭೂತಕಾಲ ನೆನೆಸಿಕೊಂಡು ಮತ್ತೆ ಬೂದಾಗಲು ಹೊರಟಿತ್ತು. ರುದ್ರಪ್ಪನವರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. "ಹೊಳ್ಳಿ ಹೊಡಸ್ರೋ!" ಎನ್ನುವಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು.

ಬಂದವರು ಪರ್ಚೇಸ್ ಮ್ಯಾನೇಜರ್ ಚಂದ್ರಶೇಖರ್. ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಂಡು 'ಬೇಸಿಕಲಿ' ಎನ್ನುವ ಮನುಷ್ಯ. ಅಂಥ ಗಂಟಲನ್ನು ನೋಡಿದರೆ ನನಗೆ ಬಾಯಲ್ಲಿ ನೀರೂರುತ್ತದೆ. ಅವರು ನೇರವಾಗಿ ಮ್ಯಾಟ್ ಕಪ್ಪನ್ನು ಎತ್ತಿಕೊಂಡರು. "ಬೇಸಿಕಲಿ, ಫಾರಿನ್ನಲ್ಲಿ ಈಗ ಎಲ್ಲಾ ಮ್ಯಾಟೇ. ಏನಿದು ಮೇಲೆ ವೈಟ್ ವೈಟ್ ಡಿಸೈನು?"

ರುದ್ರಪ್ಪನವರು, "ಮ್ಯಾಟ್ ಭಾಳ ಛಲೋ ಸರ, ನಾನೂ ಅದನ್ನ ಅಂದೆ," ಎಂದು ಡಿಸೈನಿನ ವಿಷಯ ನುಂಗಿಕೊಂಡರು.

"ಸ್ಯಾಂಪಲ್ ಮಾಡಿದ್ದು ನೀನೇನಪ್ಪಾ? ನೀನೇನು ಹೇಳ್ತೀಯ?"

ನನಗೆ ಗೊತ್ತಿತ್ತು, ಮ್ಯಾಟ್ ತಪ್ಪು ಎಂದು. ಅದು ಒದ್ದೆ ಬಟ್ಟೆ ಹಿಡಿದ ನನ್ನ ಕೈಗೆ ಗೊತ್ತಾಗಿತ್ತು, ಬಾಯಿಗೆ ಗೊತ್ತಾಗಬೇಕಿತ್ತು ಅಷ್ಟೆ. ಬಾಯಿ ತೆರೆದೆ. ಗಂಟಲು ತಾನಾಗಿ ಸರಿಯಾಯಿತು. "ಬೇಸಿಕಲಿ..." ಎಂದು ಹೊರಬಂತು, ಚಂದ್ರಶೇಖರ್ ಅವರದೇ ದನಿಯಲ್ಲಿ, ಅವರಿಗಿಂತ ಚೆನ್ನಾಗಿ.

ಫಯಾಜ್ ಕಂಪ್ರೆಸರಿನ ಹಿಂದೆ ಮರೆಯಾದ. ಗಾಬರಿಯಿಂದ ತಿದ್ದಿಕೊಳ್ಳಲು ಹೋದೆ. "ನೋಡೋಣಂತ ತಗೋ" ಎಂದು ನನ್ನ ಬಾಯಿಂದ ರುದ್ರಪ್ಪನವರು ಹೊರಗೆ ಬಂದರು. ಇನ್ನು ಗಿಳಿ ಒಂದೇ ಬಾಕಿ. ನಾನು ಬಾಯಿ ಮುಚ್ಚಿಕೊಂಡೆ. ಒಳಗೆ ಬಾಡಿಗೆದಾರರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದರು ಅಂತ ಕಾಣುತ್ತದೆ, ಯಾರೂ ಬರಲಿಲ್ಲ. ಆಗ ಸಣ್ಣಗೆ, ಸ್ವಲ್ಪ ಒಡಕಾಗಿ ಒಂದು ದನಿ ಬಂತು:

"ಸಾರ್, ನಿಮ್ಮ ಕಾರಿಗೆ ಪೂಜೆ ಆಯ್ತಾ?"

"ಆಗ್ದೆ ಏನು? ನಮ್ಮ ಮನೆಯವರು ಸೀಟಿಗೂ ಕುಂಕುಮ ಹಚ್ಚಿದಾರೆ. ಪ್ಯಾಂಟ್ ನೋಡು."

"ಒಂದ್ನಿಮಿಷ ಹೊರಗೆ ಬನ್ನಿ ಸಾರ್."

ಹೊರಗೆ ಅವರ ಕಾರಿನ ಚಕ್ರದ ಮೇಲೆ ಕುಂಕುಮ ಒಣಗಿ, ಅದರ ಮೇಲೆ ದಾರಿಯ ಧೂಳು, ಬ್ರೇಕಿನ ಕರಿ ಪುಡಿ ಕೂತಿತ್ತು. "ನಿಮ್ಮ ಕ್ಯಾಲಿಪರ್ ಹಾಕೋ ಕಾರು ಓಡೋದು ಇಲ್ಲೇ ಅಲ್ವಾ ಸಾರ್. ದಿನಾ ಧೂಳು, ವರ್ಷಕ್ಕೊಂದ್ಸಲ ಕುಂಕುಮ. ಅಷ್ಟು ದೊಡ್ಡ ಕಿಂಡಿ ಬಿಟ್ರೆ ಎರಡೂ ಒಳಗೆ ಹೋಗೇ ಹೋಗುತ್ತೆ. ಮ್ಯಾಟ್ ಅದನ್ನ ಬಿಡಲ್ಲ. ಒಳಗೆ ನೀವು ನೋಡಿದ್ದು ವೈಟ್ ಡಿಸೈನಲ್ಲ ಸಾರ್, ವಿಭೂತಿ." ಗ್ಲಾಸಿ ಕೆಂಪು ತಂದು, ನೆಲದ ಧೂಳು ಸವರಿ, ಮೇಲೆ ಅವರ ಕಾರಿನ ಹೂವಿನ ಹಾರದಡಿ ಉಳಿದಿದ್ದ ಕುಂಕುಮವನ್ನೇ ಒತ್ತಿ, ಒದ್ದೆ ಬಟ್ಟೆಯಿಂದ ಒರೆಸಿದೆ. ಹೊಳೆಯಿತು. "ಸಂದೀಲಿ ಕುಂಕುಮ ಸ್ವಲ್ಪ ಉಳಿದಿದೆ. ಕಾಣ್ತಿದ್ಯಾ?"

ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಕಾಣಲ್ಲ," ಎಂದರು, ಬೇಸಿಕಲಿ ಇಲ್ಲದೆ. ಆಮೇಲೆ ಮ್ಯಾಟ್ ಕಪ್ಪನ್ನೂ ತಾವೇ ಒರೆಸಿ ನೋಡಿ, ಕರ್ಚೀಫು ಹಾಳುಮಾಡಿಕೊಂಡು, ಜೋರಾಗಿ ನಕ್ಕುಬಿಟ್ಟರು. "ನನ್ನ ದನಿ ಅಷ್ಟು ಕೆಟ್ಟದಾಗಿದ್ಯೇನಯ್ಯಾ?" ಎಂದೂ ಕೇಳಿದರು, ಅದಕ್ಕೆ ಉತ್ತರ ಹೇಳದಷ್ಟು ಬುದ್ಧಿ ನನಗಿತ್ತು. ಗ್ಲಾಸಿ ಕೆಂಪನ್ನು ಪೇಪರಿನಲ್ಲಿ ಸುತ್ತಿಸಿಕೊಂಡು, ಮೊದಲ ಟ್ರಯಲ್ ಲಾಟಿಗೆ ಓವನ್ ಕಾಯಿಸಿ ಇಡಿ ಎಂದು ಹೇಳಿ ಹೊರಟರು. ಟ್ರಯಲ್ ಲಾಟ್ ಪೂರ್ತಿ ಆರ್ಡರ್ ಅಲ್ಲ, ನನಗೆ ಗೊತ್ತು. ಆದರೆ ಅವತ್ತೇ ಫಯಾಜ್ ಬೆಕ್ಕಿನ ಸಂಸಾರಕ್ಕೆ ಸ್ಟೋರ್ ರೂಮಿನಲ್ಲಿ ಗೋಣಿಚೀಲ ಹಾಸಿಕೊಟ್ಟ.

ಕಾರು ತಿರುವು ದಾಟುವವರೆಗೂ ಕೈ ಮುಗಿದುಕೊಂಡೇ ನಿಂತಿದ್ದ ರುದ್ರಪ್ಪನವರು ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. "ಭೇಷ್ ತಮ್ಮಾ. ಮೊದಲ ಅವ್ರ ದನಿ ತಗದಿ, ಗುರ್ತು ಹತ್ತಿತು. ಆಮ್ಯಾಲೆ ನನ್ನ ದನಿ ತಗದಿ, ಅದೂ ಹತ್ತಿತು, ಅದರ ವಿಚಾರ ಆಮ್ಯಾಲೆ ಮಾತಾಡೂಣು. ಆದ್ರ ಕಡೀಕ ಸಣ್ಣಾಗಿ ಒಂದು ದನಿ ತಗದ್ಯಲ್ಲಾ, ಅದು ಯಾರದಪಾ? ಎಲ್ಲೂ ಕೇಳಿದಂಗ ಇಲ್ಲ."

ನನ್ನದೇ ಎಂದರೆ ನಂಬಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸು ಎಂದರು. ಆಗಿನಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮುನಿಯಪ್ಪನವರಷ್ಟು ಪಕ್ಕಾ ಇನ್ನೂ ಬಂದಿಲ್ಲ.