ಮುಂದಿನ ಸೀಟು ಮತ್ತು ನೂರಾ ಅರವತ್ತು ಕುದುರೆಗಳು

ನೀವು ನಂಬುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ. ನಂಬಿಸಲು ಆಣೆ ಮಾಡಬಹುದಿತ್ತು. ಆದರೆ ನಾನು ಆಣೆ ಮಾಡಿದಾಗಲೇ ನಮ್ಮ ಮನೆಯವರಿಗೆ ಹೆಚ್ಚು ಅನುಮಾನ ಬರುತ್ತದೆ. ಇರಲಿ. ಲೋಕದಲ್ಲಿ ಜನ ಎದುರುಮನೆಯವರ ಬಂಗಾರಕ್ಕೆ, ಹೊಲಕ್ಕೆ, ಮಗನ ಮಾರ್ಕ್ಸಿಗೆ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಪಟ್ಟದ್ದು ಒಂದು ಅಂಕಿಗೆ. ಆ ಅಂಕಿ ನೂರಾ ಅರವತ್ತು. ಒಂದು ತಿಂಗಳು ಅದು ನನ್ನ ತಾಟಿನಲ್ಲಿ ರೊಟ್ಟಿಯ ಪಕ್ಕದಲ್ಲೇ ಕೂತಿತ್ತು. ಗಣಿತದ ಪರೀಕ್ಷೆಯಲ್ಲಿ ಒಂದು ಲೆಕ್ಕದ ಉತ್ತರ ಸರಿಯಾಗಿ ನೂರಾ ಅರವತ್ತೇ ಬಂತು. ಸಿಟ್ಟಿನಲ್ಲಿ ಅದನ್ನು ಹೊಡೆದುಹಾಕಿ ನೂರಾ ಅರವತ್ತೊಂದು ಎಂದು ಬರೆದು ಎರಡು ಮಾರ್ಕ್ಸ್ ಕಳೆದುಕೊಂಡೆ.

ನಮ್ಮದು ಶಹಾಪುರ. ನಮ್ಮ ಮನೆ, ದೊಡ್ಡಪ್ಪನ ಮನೆ ಎದುರುಬದುರು. ನಮ್ಮ ಬಾಗಿಲಲ್ಲಿ ಅಪ್ಪನ ಬಿಳಿ ಸೆಡಾನ್ ಕಾರು ನಿಂತಿರುತ್ತದೆ. ನಾಲ್ಕು ವರ್ಷದ ಗಾಡಿ, ನೂರಾ ಹತ್ತೊಂಬತ್ತು ಕುದುರೆ ಶಕ್ತಿ. ಆ ಕುದುರೆಗಳಲ್ಲಿ ನೂರು ಇವತ್ತಿಗೂ ಮಲಗಿಯೇ ಇವೆ. ಯಾಕೆಂದರೆ ಅಪ್ಪ ನಲವತ್ತರ ಮೇಲೆ ಹೋಗುವುದಿಲ್ಲ. ಯಾದಗಿರಿಗೆ ಹೊರಟರೆ ದಾರಿಯಲ್ಲಿ ಸೈಕಲ್ಲಿನವರು ನಮ್ಮ ಜೊತೆ ಮಾತಾಡುತ್ತಾ ಬರುತ್ತಾರೆ. ಸೀಟಿನ ಪ್ಲಾಸ್ಟಿಕ್ ಕವರನ್ನು ಅಪ್ಪ ಇನ್ನೂ ತೆಗೆದಿಲ್ಲ. ಬೇಸಿಗೆಯಲ್ಲಿ ಅದರ ಮೇಲಿಂದ ಎದ್ದರೆ ಅರ್ಧ ಚರ್ಮ ಅಲ್ಲೇ ಉಳಿಯುತ್ತದೆ. ಆದರೂ ಹೋದ ತಿಂಗಳವರೆಗೆ ನಮ್ಮ ಓಣಿಗೆ ಅದೇ ರಾಜ. ಆಮೇಲೆ ದೊಡ್ಡಪ್ಪ ಕಲಬುರಗಿಗೆ ಹೋಗಿ ಕೆಂಪು ಸೆಡಾನ್ ತಂದರು. ಹನುಮಂತ ದೇವರ ಗುಡಿ ಮುಂದೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹಾಯಿಸಿದರು. ನಿಂಬೆಹಣ್ಣಿನ ರಸ ರಸ್ತೆಗೆ ಹಾರಿತು, ನನಗೆ ಮಾತ್ರ ಕಣ್ಣಿಗೇ ಬಿದ್ದಂತಾಯಿತು. ಒಳಗಿನಿಂದ ದೊಡ್ಡಪ್ಪನ ಮಗ ಅಮರೇಶ, ನನ್ನದೇ ವಯಸ್ಸಿನವನು, ಮಂತ್ರಿಯ ಹಾಗೆ ಇಳಿದ.

"ನೂರಾ ಅರವತ್ತು ಕುದುರಿ ಲೇ ಶರಣ್ಯಾ! ಸೊನ್ನಿಯಿಂದ ನೂರಕ್ಕ ಒಂಬತ್ತ ಸೆಕೆಂಡ್. ಅಷ್ಟೊತ್ತಿನಾಗ ನಿಮ್ಮಪ್ಪ ಕನ್ನಡಿ ಸುದ್ದಾ ಸರಿ ಮಾಡಕೊಂಡಿರಂಗಿಲ್ಲ."

"ನಮ್ದು ನೂರಾ ಎಂಬತ್ತು," ಎಂದುಬಿಟ್ಟೆ. ಬಾಯಿ ನನ್ನದೇ, ಆದರೆ ಅದು ನನ್ನನ್ನು ಕೇಳಿ ಮಾತಾಡುವುದಿಲ್ಲ. "ಕಂಪನ್ಯಾವ್ರು ಕಾಗದದಾಗ ಕಡಿಮಿ ಬರದಾರ, ಟ್ಯಾಕ್ಸ್ ಉಳಸೋ ಸಲುವಾಗಿ."

ಈ ಕಾರಿನ ಕಂಪನಿಗಳಿಗೂ ಬೇರೆ ಉದ್ಯೋಗವಿಲ್ಲ. ಒಬ್ಬ ನೂರಾ ನಲವತ್ತು ಅನ್ನುತ್ತಾನೆ. ಮರುದಿನ ಇನ್ನೊಬ್ಬ ನೂರಾ ಐವತ್ತು ಅನ್ನುತ್ತಾನೆ. ಮೂರನೆಯವನು ಟರ್ಬೊ ಹಾಕಿ ನೂರಾ ಅರವತ್ತಕ್ಕೆ ಏರುತ್ತಾನೆ. ಜಾಹೀರಾತಿನಲ್ಲಿ ಗಾಡಿ ಓಡುವ ರಸ್ತೆಯಲ್ಲಿ ಒಂದು ಎಮ್ಮೆ ಇಲ್ಲ, ಒಂದು ಹಂಪ್ ಇಲ್ಲ, ಹತ್ತಿ ತುಂಬಿದ ಒಂದು ಟ್ರ್ಯಾಕ್ಟರ್ ಇಲ್ಲ. ಅಂಥ ರಸ್ತೆ ಎಲ್ಲಿದೆಯೋ, ಅಲ್ಲಿ ಯಾರಿಗೆ ಮನೆ ಇದೆಯೋ. ಕೊಳ್ಳುವವರು ಮಾತ್ರ ನಮ್ಮ ದೊಡ್ಡಪ್ಪನಂಥವರು. ಹಿಂದಿನ ಸೀಟಿನಲ್ಲಿ ಮೂರು ಜನ ಹೆಂಗಸರು, ಎರಡು ಮಕ್ಕಳು, ಡಿಕ್ಕಿಯಲ್ಲಿ ಖಡಕ್ ರೊಟ್ಟಿಯ ಗಂಟು. ಉಪ್ಪಿನಕಾಯಿ ಭರಣಿ ತೊಡೆಯ ಮೇಲಿಟ್ಟುಕೊಂಡ ದೊಡ್ಡಮ್ಮನನ್ನು ಒಂಬತ್ತು ಸೆಕೆಂಡಿನಲ್ಲಿ ನೂರಕ್ಕೆ ಮುಟ್ಟಿಸಿದರೆ ಭರಣಿಯ ಎಣ್ಣೆ ಎಲ್ಲಿಗೆ ಮುಟ್ಟುತ್ತದೆ ಎಂದು ಆ ಇಂಜಿನಿಯರುಗಳು ಯೋಚಿಸಿದ್ದಾರೆಯೇ? ನಮ್ಮ ಆಯಿ, ಅಂದರೆ ಅಜ್ಜಿ, ಕೆಂಪು ಗಾಡಿಯಲ್ಲಿ ಒಂದು ಸುತ್ತು ಹಾಕಿ ಬಂದು ಕೇಳಿದಳು: "ಅಷ್ಟು ಜೋರ್ ಹೋದ್ರ ಊರ ಮುಗದು ಹೋಗ್ತದಲ್ಲೋ ಯಪ್ಪಾ, ಆಮ್ಯಾಲ ಎಲ್ಲಿ ಹೋಗೋದು?" ಇಷ್ಟೆಲ್ಲ ಬುದ್ಧಿ ನನಗೂ ಇತ್ತು. ಆದರೆ ನಮ್ಮ ಗಾಡಿಯಲ್ಲಿ ನಲವತ್ತೊಂದು ಕುದುರೆ ಕಡಿಮೆ ಎನ್ನುವುದು ನೆನಪಾದ ಕೂಡಲೇ ಬುದ್ಧಿ ಎದ್ದು ಹೊರಗೆ ಹೋಗುತ್ತಿತ್ತು.

ಅಷ್ಟರಲ್ಲಿ ನಮ್ಮ ಅಕ್ಕನ ಲಗ್ನ ಬಂತು. ವರ ಸುರಪುರದವರು. ನಮ್ಮಲ್ಲಿ ವರನನ್ನು ಹನುಮಂತ ದೇವರ ಗುಡಿಯಿಂದ ಮನೆಯವರೆಗೆ ಹೂ ಕಟ್ಟಿದ ಗಾಡಿಯಲ್ಲಿ ಕರೆತರುತ್ತಾರೆ. ಗಾಡಿ ಯಾರದೋ ಅವರ ಮನೆಯ ಹುಡುಗ ಮುಂದಿನ ಸೀಟಿನಲ್ಲಿ ಕೂರುತ್ತಾನೆ. ಎಲ್ಲ ಫೋಟೋದಲ್ಲೂ ಅವನು ಬರುತ್ತಾನೆ. ಮದುಮಗಳ ಒಬ್ಬನೇ ತಮ್ಮ ನಾನು. ಆ ಸೀಟಿನಲ್ಲಿ ಅಮರ ಕೂತು, ನಾನು ಗಾಡಿಯ ಹಿಂದೆ ಧೂಳು ತಿನ್ನುತ್ತಾ ನಡೆಯುವುದನ್ನು ನೆನೆದರೆ ನನಗೆ ಜ್ವರ ಬರುತ್ತಿತ್ತು. ಒಮ್ಮೆ ನೂರಾ ಆರು ಬಂದಿತ್ತು. ಸರಿ, ನೂರು. ಇಬ್ಬರೂ ನಮ್ಮ ಮುತ್ಯಾನ ಮುಂದೆ ಹೋಗಿ ನಿಂತೆವು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ತಲೆ ಎತ್ತದೆ ತೀರ್ಪು ಕೊಟ್ಟರು: "ಯಾವ ಗಾಡಿಗೆ ದಮ್ ಅದಾ ಅದನ್ನ ತರ್ರಿ. ನನ್ನ ತಲಿ ತಿನಬ್ಯಾಡ್ರಿ."

ಗುಡಿಯಿಂದ ನಮ್ಮ ಮನೆ ಅರ್ಧ ಕಿಲೋಮೀಟರ್. ಮುಂದೆ ಬಾಜಾದವರು ನಡೆಯುತ್ತಾರೆ, ಗಾಡಿ ಅವರ ಹಿಂದೆ ತೆವಳುತ್ತದೆ. ಅದಕ್ಕೆ ದಮ್ ಯಾಕೆ ಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಸೊನ್ನೆಯಿಂದ ನೂರಕ್ಕೆ ಯಾವುದು ಮೊದಲು ಮುಟ್ಟುತ್ತದೋ ಅದೇ ವರನ ಗಾಡಿ ಎಂದು ಕೈಗೆ ಕೈ ಹೊಡೆದೆವು. ಲೈಸೆನ್ಸಿಗೆ ನಮಗಿಬ್ಬರಿಗೂ ಇನ್ನೂ ಎರಡು ವರ್ಷ ಬಾಕಿ. ಆದ್ದರಿಂದ ದೊಡ್ಡಪ್ಪನ ಡ್ರೈವರ್ ಕಾಸಿಮ್ ಚಾಚಾನನ್ನು ಹಿಡಿದೆವು. ಆ ಒಂಬತ್ತು ಸೆಕೆಂಡನ್ನು ಕಣ್ಣಾರೆ ನೋಡುವ ಆಸೆ ಅವರಿಗೂ ಇತ್ತು. ಲಗ್ನಕ್ಕೆ ನಾಲ್ಕು ದಿನ ಇರುವಾಗ ಅಪ್ಪನಿಗೆ "ಗಾಡಿ ತೊಳ್ಯಾಕ ಕೊಟ್ಟು ಬರ್ತೀವಿ" ಎಂದು ಹೇಳಿ ಕೀಲಿಕೈ ತಂದೆ. ಅಪ್ಪ ಲಗ್ನಪತ್ರಿಕೆ ಹಂಚಲು ಬಸ್ಸಿನಲ್ಲಿ ಹೋದರು.

ಮೊದಲು ಕೆಂಪು ಗಾಡಿ. ಸುರಪುರದ ರಸ್ತೆಯಲ್ಲಿ ಊರು ದಾಟಿದ ಮೇಲೆ ಒಂದು ನೇರ ದಾರಿ ಇದೆ. ಅಮರ ಹಿಂದೆ ಕೂತು ಮೊಬೈಲಿನಲ್ಲಿ ಗಡಿಯಾರ ಹಿಡಿದ. "ಒನ್, ಟೂ, ಥ್ರೀ!" ಗಾಡಿ ಹಾರಿತು. ಇಪ್ಪತ್ತು, ಮೂವತ್ತು, ನಲವತ್ತು. ಅಲ್ಲಿಗೆ ನಿಂತಿತು.

"ಯಾಕ್ರಿ ಚಾಚಾ?" ಎಂದು ಅಮರ ಚೀರಿದ.

"ಅರೇ ಬಾಬಾ, ಮಾಸ್ತರ್ ಕೈ ಮಾಡ್ಯಾರ. ನಿಂದ್ರಸಲಾರದ ಹೋದ್ರ ಕಾಸಿಮನ ಕಣ್ಣಾಗ ಚರಬಿ ಬಂದಾದ ಅಂತ ಊರ ತುಂಬಾ ಅಂತಾರ."

ನಮ್ಮ ಕಡೆ ಇದು ಕಾನೂನಿಗಿಂತ ದೊಡ್ಡದು. ಗುರುತಿನವರು ಕೈ ಮಾಡಿದರೆ ಗಾಡಿ ನಿಲ್ಲಬೇಕು. ನಿಲ್ಲಿಸದೆ ಹೋದವನ ಮನೆಯ ಮದುವೆಗೂ ಜನ ಯೋಚಿಸಿ ಬರುತ್ತಾರೆ. ಮಾಸ್ತರ್ ಹತ್ತಿದರು. ಮುಂದೆ ಹಿಟ್ಟಿನ ಡಬ್ಬಿ ಹೊತ್ತ ಒಬ್ಬ ಅತ್ತೆ ಹತ್ತಿದರು. ಆಮೇಲೆ ತೊಗರಿ ಚೀಲದ ಜೊತೆ ಒಬ್ಬರು ಹತ್ತಿ, ಗಾಡಿ ಹೊಸದೇನು, ಎಷ್ಟು ಕೊಡುತ್ತದೆ, ಇನ್ನೊಂದು ಚೀಲ ಹಿಡಿಯುತ್ತದೆಯೇ ಎಂದು ವಿಚಾರಿಸಿದರು. ನೂರಾ ಅರವತ್ತು ಕುದುರೆಗಳು ಇಪ್ಪತ್ತಾರು ನಿಮಿಷ ಓಡಿ ನಲವತ್ಮೂರು ಮುಟ್ಟಿದವು. ನನಗಾದ ಸಂತೋಷ ಕಾಣಿಸಬಾರದೆಂದು ಕಿಟಕಿಯ ಹೊರಗೆ ಮುಖ ಮಾಡಿ ನಕ್ಕೆ. ಒಂದು ಎಮ್ಮೆ ಗಾಬರಿಯಾಯಿತು.

ಈಗ ನಮ್ಮ ಬಿಳಿ ಗಾಡಿ. ನಾನು ಮೊದಲೇ ಹುಷಾರಾದೆ. ಸಾವಕಾಶ ದೂರ ಹೋಗಿ, ಶಹಾಪುರದ ಕಡೆ ಮುಖ ಮಾಡಿ ನಿಲ್ಲಿಸಿದೆವು. ನಾನು ಮುಂದಿನ ಸೀಟಿನಲ್ಲಿ ಕೂತು ಗಾಜು ಏರಿಸಿ ಹೇಳಿದೆ: "ಚಾಚಾ, ದೇವರೇ ಬಂದು ಕೈ ಮಾಡಿದ್ರೂ ನೋಡಬ್ಯಾಡ್ರಿ." ಗಾಡಿ ಹೊರಟಿತು. ನಾಲ್ಕು ವರ್ಷ ಮಲಗಿದ್ದ ಕುದುರೆಗಳು ಆಕಳಿಸುತ್ತಾ ಎದ್ದವು. ಐವತ್ತು. ಅರವತ್ತು. ಎಪ್ಪತ್ತು! ಪ್ಲಾಸ್ಟಿಕ್ ಕವರ್ ಪಟಪಟ ಅನ್ನತೊಡಗಿತು. ಎಂಬತ್ತೆರಡಕ್ಕೆ, ಬೇವಿನ ಮರದ ಕೆಳಗೆ, ತಲೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ ಕೈ ಮಾಡಿದ. ಗಾಡಿ ಅವನನ್ನು ದಾಟಿತು. ಚಾಚಾ ಕನ್ನಡಿಯಲ್ಲಿ ಒಮ್ಮೆ ನೋಡಿದರು, ಬ್ರೇಕ್ ಹಾಕಿದರು, ಹಿಂದಕ್ಕೆ ತಂದರು.

ಹಿಂದಿನ ಬಾಗಿಲು ತೆರೆಯಿತು. ನನ್ನ ಕಣ್ಣು ಮೀಟರಿನ ಮೇಲೇ ಇತ್ತು. "ಲಗೂನ ಹತ್ರಿ, ಟೈಮ್ ಹಾಳಾಗಾಕತ್ತದ," ಎಂದೆ. ಹತ್ತಿದವರು ಬಾಗಿಲು ಹಾಕಿಕೊಂಡರು. ಅಮರ ಕೆಮ್ಮಿದ. ಸೋಲುವ ಭಯಕ್ಕೆ ಕೆಮ್ಮುತ್ತಿದ್ದಾನೆ ಎಂದುಕೊಂಡೆ. ಕೇಳುವ ಕಿವಿ ಎರಡು ಹೆಚ್ಚಾಗಿದ್ದವಲ್ಲ, ನನಗೆ ಇನ್ನೂ ಉಮೇದು ಬಂತು.

"ಇದು ನೂರಾ ಎಂಬತ್ತರ ಗಾಡಿರಿ. ಊರಾಗ ಯಾರಿಗೂ ಗೊತ್ತಿಲ್ಲ. ಯಾಕಂದ್ರ ನಮ್ಮಪ್ಪಗ ಓಡಸಾಕ ಬರಂಗಿಲ್ಲ. ಕುದುರಿ ಕೊಂಡು ಹೇರು ಹೊತ್ತ ಕತ್ತಿ ನಡಿಸಿದಂಗ ನಡಸ್ತಾನ."

ಅಮರ ಮತ್ತೆ ಕೆಮ್ಮಿದ. ಚಾಚಾ ತುಟಿಯಲ್ಲೇ ಏನೋ ದುವಾ ಓದತೊಡಗಿದರು.

"ಹೌದೇನಪಾ?" ಎಂದಿತು ಹಿಂದಿನ ಸೀಟು.

ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ತಿರುಗಿ ನೋಡಿದೆ. ಅಪ್ಪ ಟವೆಲ್ ಬಿಚ್ಚಿ, ಲಗ್ನಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಸ್ಸು ತಪ್ಪಿ, ಬಂದ ಗಾಡಿಗೆ ಕೈ ಮಾಡಿದ್ದರು. ಬಂದದ್ದು ಅವರದೇ ಗಾಡಿ.

"ತೊಳ್ಯಾಕ ಕೊಡ್ತೀನಿ ಅಂದಿದ್ದಿ?"

"ಒಣಗಸಾಕ ತಂದೀವಿ ಅಪ್ಪಾ," ಎಂದೆ.

ಅಪ್ಪ ನಗಲಿಲ್ಲ. ಅಮರ ನಕ್ಕ, ಅದು ಇನ್ನೂ ಕೆಟ್ಟದಾಯಿತು. "ಐತವಾರ ಅಳಿಯನ್ನ ಕೆಂಪು ಗಾಡ್ಯಾಗ ತರೋದು," ಎಂದರು ಅಪ್ಪ. "ಮುಂದ ಅಮರ್ಯಾ ಕೂಡ್ಲಿ. ನೀ ಟಂಟಂ ಆಟೋದಾಗ ಕುರ್ಚಿ ಸಂಗಾಟ ಬಾ. ಈಗ ಇಳಿ. ಹಿಂದಿನ ಹಳ್ಳ್ಯಾಗ ನಾಕು ಮನಿ ಉಳದಾವ. ಪತ್ರಿಕಿ ಕೊಟ್ಟು ಬಸ್ಸಿಗೆ ಬಾ."

ಇಳಿದೆ. ಅಪ್ಪ ನನ್ನ ಜಾಗದಲ್ಲಿ ಬಂದು ಕೂತು, ಕನ್ನಡಿ ಸರಿಮಾಡಿಕೊಳ್ಳಲು ಚಾಚಾನಿಗೆ ಹೇಳಿದರು. ಗಾಡಿ ನಲವತ್ತರಲ್ಲಿ ಹೊರಟಿತು. ಹಿಂದಿನ ಗಾಜಿನಿಂದ ಅಮರ ಮೊಬೈಲ್ ಎತ್ತಿ ತೋರಿಸಿ ಮೂರು ಬೆರಳು ಮಾಡಿದ. ಮುಂದಿನ ಸೀಟಿನಿಂದ ರಸ್ತೆಗೆ ಇಳಿಯಲು ನನಗೆ ಹಿಡಿದದ್ದು ಮೂರು ಸೆಕೆಂಡು. ಅವತ್ತು ಆ ರಸ್ತೆಯ ಮೇಲೆ ಯಾರೂ ಅಡ್ಡ ಬರದೆ ಅಳತೆಗೆ ಸಿಕ್ಕ ವೇಗ ಅದೊಂದೇ. ಅದು ನನ್ನದು.