ಫೋರ್ ಟ್ವೆಂಟಿ ರದ್ದಾದ ಮೇಲೆ

ಕೊಳ್ಳೇಗಾಲದ ಕೋರ್ಟಿನಲ್ಲಿ ಕರೀಕೋಟು ಹಾಕಿಕೊಂಡು ತಿರುಗುವವನಿಗೆ ನಗುವುದಕ್ಕೆ ಬೇರೆ ಜಾಗ ಬೇಕಿಲ್ಲ. ಅದರಲ್ಲೂ ಕೇಂದ್ರ ಸರ್ಕಾರದವರು ಹಳೇ ದಂಡಸಂಹಿತೆ ತೆಗೆದು ಹೊಸದು ತಂದು, ಸೆಕ್ಷನ್ ನಂಬರುಗಳನ್ನೆಲ್ಲ ಅದಲು ಬದಲು ಮಾಡಿದ ಮೇಲಂತೂ ಕೇಳಲೇಬೇಡಿ. ನಾನು ಹಲ್ಲು ಕಚ್ಚಿ ಉರು ಹೊಡೆದಿದ್ದೆಲ್ಲ ನೀರಲ್ಲಿ ಹೋಮ.

ರಿಯಾಯಿತಿ

ಹನೂರಿನ ಒಬ್ಬ ಆಸಾಮಿ ಕೋಳಿ ಕದ್ದ ಕೇಸಿನಲ್ಲಿ ಬಂದ. "ನೋಡಪ್ಪಾ, ಕಳ್ಳತನಕ್ಕೆ ಮೊದಲು ಮುನ್ನೂರ ಎಪ್ಪತ್ತೊಂಬತ್ತು ಹಾಕ್ತಿದ್ರು. ಈಗ ಮುನ್ನೂರ ಮೂರು" ಅಂದೆ.

ಅವನು ಎರಡೂ ಕೈ ಜೋಡಿಸಿದ. "ಎಪ್ಪತ್ತಾರು ಕಮ್ಮಿ ಮಾಡುಸ್ಬುಟ್ರಲ್ಲಾ ಸಾ, ನೀವು ದೇವ್ರು."

ನಾನು ಬಿಡಿಸಿ ಹೇಳುವಷ್ಟರಲ್ಲಿ ಅವನೇ ದನಿ ತಗ್ಗಿಸಿದ. "ಇನ್ನೊಂದ್ ವಾಯಿದೆ ತಕಳಿ ಸಾ. ಇನ್ನೂ ಇಳುದ್ರೂ ಇಳೀಬೋದು."

ದಿಲ್ಲಿ ಬೇರೆ, ಸತ್ತೇಗಾಲ ಬೇರೆ

ಸತ್ತೇಗಾಲದ ಯಜಮಾನರೊಬ್ಬರದು ಇನ್ನೊಂದು ಕತೆ. ಮಗಳನ್ನು ನೋಡಲು ಹೊನ್ನೂರಿನಿಂದ ಗಂಡಿನ ಕಡೆಯವರು ಬಂದಿದ್ದಾಗ, ತೆಂಗಿನ ತೋಟದ ಬೇಲಿ ಜಗಳದ ಸಿಟ್ಟಿಗೆ ಪಕ್ಕದ ಮನೆಯವನು ಬಾಗಿಲಲ್ಲಿ ನಿಂತು, "ಈ ಮನೆಯವ್ನು ಫೋರ್ ಟ್ವೆಂಟಿ ಕಣ್ರಿ" ಅಂದುಬಿಟ್ಟ. ಗಂಡಿನ ಅಪ್ಪ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಮಗಳಿಗೋ ಹುಡುಗ ಒಪ್ಪಿಗೆಯಾಗಿದ್ದ. ಅವಳ ಮುಖ ನೆನೆಸಿಕೊಂಡು ಯಜಮಾನರು ನನ್ನೆದುರು ಕಣ್ಣೊರೆಸಿಕೊಂಡರು. "ಆ ಮಾತು ವಾಪಸ್ ತಕಬೇಕು ಸಾ, ಅಷ್ಟೇಯ."

ಪಕ್ಕದವನನ್ನು ಕರೆಸಿದೆ. ಅವನು ಕಾಲ ಮೇಲೆ ಕಾಲು ಹಾಕಿ ಕೂತ. "ಫೋರ್ ಟ್ವೆಂಟಿ ರದ್ದಾಯ್ತಲ್ಲಾ ಸಾ, ಟೀವೀಲಿ ಬಂತು. ಇಲ್ದಿರೋ ಸೆಕ್ಷನ್ನಲ್ಲಿ ಬೈದ್ರೆ ಅದ್ಯಾವ ಸೀಮೆ ಬೈಗುಳ?"

ಯಜಮಾನರು ಬಿಡಲಿಲ್ಲ. "ರದ್ದಾಗಿರೋದು ದಿಲ್ಲೀಲಿ ಕಣ್ಲಾ. ನೀನು ಬೈದದ್ದು ಸತ್ತೇಗಾಲ್ದಲ್ಲಿ. ಅದು ಸ್ಟೇಟ್‌ಗೆ ಸೇರಿದ್ದು."

"ಮೋಸಕ್ಕೆ ಈಗ ಯಾವ ನಂಬರು ಸಾ?" ಅಂತ ಪಕ್ಕದವನು ಕೇಳಿದ. ಮುನ್ನೂರ ಹದಿನೆಂಟು ಅಂದೆ. ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಾಗಿತ್ತು.

ಮುನ್ನೂರ ಹದಿನೆಂಟು

ಅಂತೂ ಇಂತೂ ರಾಜಿಗೆ ಒಪ್ಪಿಸಿ, ಗಂಡಿನ ಅಪ್ಪನನ್ನೂ ಕೈಕಾಲು ಹಿಡಿದು ಸತ್ತೇಗಾಲಕ್ಕೆ ಕರೆಸಿದೆವು. ಮಗಳು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದಳು. ಪಕ್ಕದವನು ಎದ್ದು ಗಂಟಲು ಸರಿಮಾಡಿಕೊಂಡ.

"ಫೋರ್ ಟ್ವೆಂಟಿ ಅಂದದ್ದು ತಪ್ಪಾಯ್ತು. ಈಗಿನ ಲೆಕ್ಕದಲ್ಲಿ ಇವ್ರುದು ಮುನ್ನೂರ ಹದಿನೆಂಟು."

ಮಾಡಿದ ರಾಜಿಯೆಲ್ಲ ಮಣ್ಣುಪಾಲಾಯಿತು ಅಂದುಕೊಂಡೆ. ಆದರೆ ಹೊನ್ನೂರಿನವರ ಮುಖ ಅರಳಿತು. "ತೆಂಗಿನ ಮರವಾ? ಮುನ್ನೂರ ಹದಿನೆಂಟಾ? ಹೇಳ್ನೇ ಇಲ್ವಲ್ಲಾ ಬೀಗ್ರೆ."

ಬದುಕಿದೆಯಾ ಬಡಜೀವವೇ ಅಂದುಕೊಂಡು, ಸುಮ್ಮನಿರಲಿ ಅಂತ ಯಜಮಾನರ ಕಾಲು ತುಳಿದೆ.

"ಯಾಕ್ ಸಾ ಕಾಲ್ ತುಳೀತೀರಿ?" ಅಂತ ಅವರು ಎಲ್ಲರಿಗೂ ಕೇಳುವಂತೆ ಕೇಳಿದರು. ಆಮೇಲೆ ಹೊನ್ನೂರಿನವರ ಕಡೆ ತಿರುಗಿ, "ಹದಿನೆಂಟು ಮರ ನಮ್ಮವು ಬೀಗ್ರೆ. ಮಿಕ್ಕ ಮುನ್ನೂರು ಇವ್ನ ಬಾಯೊಳಗವೆ" ಅಂದರು.

ಹೊನ್ನೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಾನಾಗೇ ಬಂದ ಮುನ್ನೂರು ಮರ ಬ್ಯಾಡ ಅನ್ನೋರು ಫೋರ್ ಟ್ವೆಂಟಿ ಎಂಗಾದಾರು? ತಾಂಬೂಲ ತಕಬನ್ನಿ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಬೀಗರು ನನ್ನ ಕಡೆ ತಿರುಗಿದರು.

"ಕಾಲ್ ತುಳುದ್ರಲ್ಲಾ ವಕೀಲ್ರೆ, ನಿಮ್ದೆಷ್ಟನೇ ನಂಬರು?"